ಮಲೆನಾಡಷ್ಟೇ ನಿಸರ್ಗವಲ್ಲ

ಚಾರಣ ಎಂದ ಕೂಡಲೇ ನಮ್ಮವರು ಪಡುವಣಕ್ಕೆ ಮುಖ ಮಾಡುತ್ತಾರೆ. ಕುದುರೆಮುಖ, ಕೊಡಚಾದ್ರಿ, ಕುಮಾರಪರ್ವತ. ಬೆಳಗಾವಿ ಸೀಮೆಯವರಾದರೆ ಚೋರ್ಲಾ, ಅಂಬೋಲಿ. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರಿನ ಓದುಬರಹ ಬಲ್ಲ ಮನೆಗಳಲ್ಲಿ ಒಂದು ಮಾತು ಯಾರೂ ಪ್ರಶ್ನಿಸದೆ ನಡೆದುಬಂದಿದೆ: ಮಕ್ಕಳಿಗೆ ನಿಸರ್ಗ ತೋರಿಸಬೇಕೆಂದರೆ ಗಾಡಿ ಮಾಡಿಕೊಂಡು ಘಟ್ಟಕ್ಕೆ ಹೋಗಬೇಕು, ‘ನಮ್ಮ ಕಡೆ ಏನೈತಿ ನೋಡಾಕ? ಕಲ್ಲು, ಕಳ್ಳಿ, ಜಾಲಿ, ಬಿಸಿಲು.’ ಹೀಗಾಗಿ ಸಾಲಹಳ್ಳಿಯಂಥ ಊರಿನ ಮಗು ಜೋಗದ ಚಿತ್ರ ಬಿಡಿಸಬಲ್ಲದು, ತನ್ನದೇ ತಾಲೂಕಿನ ಒಂದು ಗುಡ್ಡದ ಹೆಸರು ಹೇಳಲಾರದು.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದರಿಂದ ನಮ್ಮ ಮಕ್ಕಳ ಅರಿವಿಗೂ ನಮ್ಮ ನೆಲಕ್ಕೂ ಆಗಿರುವ ನಷ್ಟ ದೊಡ್ಡದು. ಯಾವ ಗುಡ್ಡದ ಮೇಲೆ ಯಾವ ಮನೆಯವರೂ ಕಾಲಿಡುವುದಿಲ್ಲವೋ ಆ ಗುಡ್ಡವನ್ನು ಯಾರು ಬೇಕಾದರೂ ಅಗೆಯಬಹುದು, ಬೇಲಿ ಹಾಕಬಹುದು, ಮಾರಬಹುದು, ಕೇಳುವವರು ಇರುವುದಿಲ್ಲ. ಆದ್ದರಿಂದ ಈ ಮಾತನ್ನು ಬುಡದಿಂದಲೇ ಅಲ್ಲಗಳೆಯಬೇಕು.

‘ಏನೈತಿ’ ಎಂಬ ಪ್ರಶ್ನೆಯಿಂದಲೇ ಶುರು ಮಾಡೋಣ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಳೆಕಾಡಿನಲ್ಲಿ ಆಕೆ ಇರುವುದು ದಾರಿಯ ಮೊದಲ ತುಣುಕಿನಲ್ಲಿ ಮಾತ್ರ. ಉಳಿದ ದಾರಿಯೆಲ್ಲ ನಮ್ಮ ಈ ಒಣಸೀಮೆಯದು. ಈ ನದಿ ಚರಿತ್ರೆ ಕಟ್ಟಿದ್ದು ಎಲ್ಲಿ? 543ರಲ್ಲಿ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿಸಿದ ಬಾದಾಮಿ, 634ರಲ್ಲಿ ರವಿಕೀರ್ತಿಯ ಶಾಸನ ಹೊತ್ತ ಐಹೊಳೆಯ ಮೇಗುತಿ ಗುಡ್ಡ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಬಸವಣ್ಣನವರ ಸಂಗಮ. ಇವೆಲ್ಲವೂ ಇರುವುದು ಕಲ್ಲು, ಕಳ್ಳಿ, ಬಿಸಿಲಿನ ನಾಡಿನಲ್ಲಿ. ಕನ್ನಡದ ಮೊದಲ ದೊಡ್ಡ ಸಾಮ್ರಾಜ್ಯ ತನ್ನ ರಾಜಧಾನಿಗೆ ಆರಿಸಿಕೊಂಡ ಕಣಿವೆಯಲ್ಲಿ ನೋಡುವಂಥದ್ದು ಏನೂ ಇಲ್ಲ ಎನ್ನುವವರು ಆ ಕಣಿವೆಯನ್ನು ನೋಡಿಲ್ಲ, ಕಾರಿನ ಕಿಟಕಿಯಿಂದ ದಾಟಿದ್ದಾರೆ ಅಷ್ಟೇ.

ಮನುಷ್ಯರ ಚರಿತ್ರೆಗಿಂತ ಹಿಂದಕ್ಕೆ ಹೋದರೆ ಈ ನೆಲದ ಶ್ರೀಮಂತಿಕೆ ಇನ್ನೂ ಹೆಚ್ಚುತ್ತದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ಶಿಲೆಗಳ ಮೇಲೆ ಗ್ರಂಥ ಪ್ರಕಟಿಸಿದರು, ಈ ಕಣಿವೆಯಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳನ್ನು ಗುರುತಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ 1955ರಲ್ಲಿ ಮಲಪ್ರಭಾ ಕಣಿವೆಯ ಶಿಲಾಯುಗದ ಮೇಲೆ ಒಂದು ಪೂರ್ತಿ ಪುಸ್ತಕವನ್ನೇ ಬರೆದರು. ಇನ್ನೊಂದು ಸಂಗತಿ ನಮ್ಮ ಶಾಲೆಗಳಲ್ಲಿ ಗೋಡೆಯ ಮೇಲೆ ಬರೆಸಿಡುವಂಥದ್ದು. ಕಲಾದಗಿ ಶಿಲಾವರ್ಗ ಎಂದು ಭೂವಿಜ್ಞಾನಿಗಳು ಕರೆಯುವ ಈ ಸೀಮೆಯ ಕಲ್ಲುಗಳ ಪದರಗಳಿಗೆ ಅವರು ಇಟ್ಟ ಹೆಸರುಗಳಲ್ಲಿ ಲೋಕಾಪುರ, ರಾಮದುರ್ಗ, ಸವದತ್ತಿ, ಯರಗಟ್ಟಿ ಎಲ್ಲವೂ ಇವೆ. ‘ರಾಮದುರ್ಗ ಫಾರ್ಮೇಶನ್’, ಅದರೊಳಗೆ ‘ಸವದತ್ತಿ ಕ್ವಾರ್ಟ್ಜೈಟ್’. ಜಗತ್ತಿನ ಯಾವುದೋ ಮೂಲೆಯ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ನೂರು ಕೋಟಿ ವರ್ಷಕ್ಕೂ ಹಿಂದಿನ ಈ ಕಲ್ಲುಗಳ ಬಗ್ಗೆ ಓದುವಾಗ ನಮ್ಮ ಊರುಗಳ ಹೆಸರು ಹೇಳುತ್ತಾನೆ. ರಾಮದುರ್ಗದ ವಿದ್ಯಾರ್ಥಿಗೆ ಅದು ಗೊತ್ತಿಲ್ಲ.

ಇದನ್ನು ಓದಿಸುವುದಕ್ಕಿಂತ ತೋರಿಸುವುದು ಸುಲಭ. ಮುನವಳ್ಳಿಯ ಬಳಿ ಗುಡ್ಡದ ಸಾಲು ಅಡ್ಡ ಬಂದಾಗ ಮಲಪ್ರಭೆ ಕಲ್ಲನ್ನೇ ಸೀಳಿಕೊಂಡು ಹೋದ ಕಂಡಿ ನವಿಲುತೀರ್ಥ. 1970ರ ದಶಕದಲ್ಲಿ ಅದೇ ಕಂಡಿಗೆ ಅಣೆಕಟ್ಟು ಕಟ್ಟಿದ್ದರಿಂದ ರೇಣುಕಾಸಾಗರವಾಯಿತು. ಈ ಸಾಲಿನ ಗುಡ್ಡಗಳಲ್ಲಿ ಕಲ್ಲು ಹಲಗೆಹಲಗೆಯಾಗಿ ಎದ್ದಿರುವ ಕಡೆ ಬಗ್ಗಿ ನೋಡಿದರೆ ಕೆಲವು ಹಲಗೆಗಳ ಮೇಲೆ ಸಾಲುಸಾಲು ಏರಿಳಿತಗಳು ಕಾಣುತ್ತವೆ. ಮಗುವಿನ ಕೈಯನ್ನು ಅದರ ಮೇಲೆ ಇಡಿಸಿ. ಬೆರಳುಗಳು ತಗ್ಗಿನಲ್ಲಿ ಕೂರುತ್ತವೆ. ಆಳವಿಲ್ಲದ ನೀರಿನ ತಳದ ಮರಳಿನಲ್ಲಿ ಅಲೆ ಮೂಡಿಸಿದ ಗೆರೆಗಳು ಹಾಗೇ ಕಲ್ಲಾಗಿ ಉಳಿದಿವೆ. ಏಣಿನ ಒಂದು ಮಗ್ಗುಲು ಇಳಿಜಾರು, ಇನ್ನೊಂದು ಕಡಿದು ಎಂದಿದ್ದರೆ ನೀರು ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂದೂ ಹೇಳಬಹುದು: ಇಳಿಜಾರಿನ ಕಡೆಯಿಂದ ಕಡಿದಿನ ಕಡೆಗೆ. ಜೀವಜಗತ್ತಿನಲ್ಲಿ ಇನ್ನೂ ಮೀನೂ ಹುಟ್ಟದಿದ್ದ ಕಾಲದ ನೀರಿನ ದಿಕ್ಕನ್ನು ಏಳು ವರ್ಷದ ಮಗು ಬೆರಳಿನಿಂದ ಕಂಡುಕೊಳ್ಳಬಲ್ಲ ಜಾಗವಿದು. ಮಂಜು ಮುಸುಕಿದ ಘಟ್ಟದಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಕಲ್ಲನ್ನೆಲ್ಲ ಹಸಿರು ಮುಚ್ಚಿರುತ್ತದೆ. ನೆಲದ ಎಲುಬು ಬಿಚ್ಚಿಟ್ಟಂತೆ ಕಾಣುವುದು ಬಯಲುಸೀಮೆಯಲ್ಲೇ.

ಇನ್ನು ‘ಜೀವವೇ ಇಲ್ಲದ ಗುಡ್ಡ’ ಎಂಬ ಮಾತು. ಹಸಿರು ಕಂಡರೆ ಮಾತ್ರ ಜೀವ ಎಂದು ಕಣ್ಣಿಗೆ ರೂಢಿಯಾಗಿದೆ, ಅದಕ್ಕೆ ಈ ಮಾತು. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯಲ್ಲಿ, ತೆಳು ಮಣ್ಣಿನಲ್ಲಿ, ಏಪ್ರಿಲ್‌ನ ಬಿಸಿಲಿನಲ್ಲಿ ಬದುಕುವ ಗಿಡಗಳ ಜಾಣ್ಮೆ ಮಳೆಕಾಡಿನ ಮರಕ್ಕೆ ಬೇಕಾಗಿಯೇ ಇಲ್ಲ. ಬಂದರಿಕೆಯ ಎಲೆ ಮುಟ್ಟಿ ನೋಡಿ, ಅಂಟಂಟು. ಆ ಅಂಟಿನ ಲೇಪ ಎಲೆಯ ನೀರು ಆರಿಹೋಗದಂತೆ ತಡೆಯುತ್ತದೆ. ಕಳ್ಳಿ ಎಲೆಯನ್ನು ಬಿಟ್ಟುಕೊಟ್ಟು ಕಾಂಡದಲ್ಲೇ ಅಡುಗೆ ಮಾಡಿಕೊಳ್ಳುತ್ತದೆ. ತಂಗಡಿ ಬರದಲ್ಲೂ ಹಳದಿ ಹೂ ಬಿಡುತ್ತದೆ. ಚಳಿಗಾಲಕ್ಕೆ ಬಾರಿಹಣ್ಣು, ಬೇಸಿಗೆ ಮುಗಿಯುವ ಹೊತ್ತಿಗೆ ಕವಳಿಹಣ್ಣು, ನಡುವೆ ಕಾರಿಹಣ್ಣು. ಗುಡ್ಡ ತಿರುಗುವ ಮಕ್ಕಳ ಹೊಟ್ಟೆಗೆ ಈ ಕುರುಚಲು ಯಾವತ್ತೂ ಉಪವಾಸ ಹಾಕಿಲ್ಲ. ಕಾಚಿಹುಲ್ಲನ್ನು ತುಳಿದು ನಡೆದರೆ ಕಾಲಿಗೆಲ್ಲ ನಿಂಬೆಯ ಘಮ. ಮಿರಗದ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನಂಥ ಮಿರಗದ ಹುಳ ಮಣ್ಣಿನಿಂದೆದ್ದು ನಡೆಯುತ್ತದೆ. ವರ್ಷದಲ್ಲಿ ಕೆಲವೇ ದಿನ ಅದರ ದರ್ಶನ. ಆ ದಿನಗಳಲ್ಲಿ ಗುಡ್ಡಕ್ಕೆ ಹೋಗದ ಮಗು ಅದನ್ನು ಮೊಬೈಲಿನಲ್ಲೇ ನೋಡಬೇಕು.

ಒಂದು ಪ್ರಾಣಿಯನ್ನು ಮಾತ್ರ ಹತ್ತಿರದಿಂದ ಹೇಳುತ್ತೇನೆ. ಬೇಸಿಗೆಯ ಮುಂಜಾವಿನಲ್ಲಿ ಗರಸಿನ ಬಯಲಿನಲ್ಲಿ ನಿಧಾನಕ್ಕೆ ನಡೆದರೆ ಮೊಳಕೈಗಿಂತ ಚಿಕ್ಕದಾದ ಮಣ್ಣುಬಣ್ಣದ ಓತಿಕ್ಯಾತವೊಂದು ಕಲ್ಲಿನ ಮೇಲೆ ಹತ್ತಿ ಕೂರುತ್ತದೆ. ಕಣ್ಣಿಗೆ ಬೀಳುವುದೇ ಕಷ್ಟ, ಅಷ್ಟು ನೆಲದ ಬಣ್ಣ. ಹೆಣ್ಣನ್ನೋ ಎದುರಾಳಿಯನ್ನೋ ಕಂಡಾಗ ಗಂಡು ಮುಂಗಾಲಿನ ಮೇಲೆ ಎದ್ದು ನಿಂತು ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ: ನೀಲಿ, ಕಪ್ಪು, ಕಿತ್ತಳೆ. ಮುಚ್ಚುತ್ತದೆ, ಮತ್ತೆ ಬಿಚ್ಚುತ್ತದೆ. ದಖ್ಖನಿನ ಒಣಬಯಲಿನ ಈ ಬೀಸಣಿಗೆ ಗಂಟಲಿನ ಹಲ್ಲಿಗಳಲ್ಲಿ ಕೆಲವು ಬೇರೆಯದೇ ಗುಂಪು ಎಂದು ಗುರುತಿಸಿ ವಿಜ್ಞಾನಿಗಳು ‘ಸರಡ’ ಎಂಬ ಹೊಸ ಕುಲವನ್ನು ಪ್ರಕಟಿಸಿದ್ದು 2016ರಲ್ಲಿ. ಮೊನ್ನೆ ಮೊನ್ನೆ! ಇಷ್ಟು ದಿನ ಅದು ಗೊತ್ತಾಗದೆ ಉಳಿಯಲು ಒಂದು ಕಾರಣ, ಬಂಜರಿನಲ್ಲಿ ಏನಿದ್ದೀತು ಎಂದು ಹುಡುಕಲು ಹೋದವರೇ ಕಡಿಮೆ.

ಇಲ್ಲಿಗೆ ಬಂದರೆ ಆ ಮಾತಿನ ನಿಜವಾದ ವಿಷ ಕಾಣುತ್ತದೆ. ‘ಬಂಜರು’ ಎಂಬುದು ನಮ್ಮ ಅಭಿಪ್ರಾಯವಾಗಿ ನಿಂತಿಲ್ಲ, ಸರ್ಕಾರದ ಕಡತವಾಗಿದೆ. ಕಂದಾಯ ಕೊಡದ ಭೂಮಿಯನ್ನು ಬ್ರಿಟಿಷರು ವ್ಯರ್ಥಭೂಮಿ ಎಂದು ಬರೆದರು. ಸ್ವತಂತ್ರ ಭಾರತ 1985ರಲ್ಲಿ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಮಾಡಿತು, 2000ದಲ್ಲಿ ಬಂಜರು ಭೂಮಿಗಳ ಮೊದಲ ಅಟ್ಲಾಸ್ ತಂದಿತು. ಆ ಅಟ್ಲಾಸಿನಲ್ಲಿ ಕುರುಚಲು ಭೂಮಿ ಎಂಬುದೇ ಬಂಜರಿನ ಒಂದು ಬಗೆ. ಅಂದರೆ ಕುರಿಗಾರರು ತಲೆಮಾರುಗಳಿಂದ ಮೇಯಿಸಿದ, ತೋಳ ನರಿ ಮೊಲ ಗೌಜಲಕ್ಕಿ ಬದುಕಿದ ಗುಡ್ಡ ಕಾಗದದ ಮೇಲೆ ಖಾಲಿ. ಖಾಲಿ ಎಂದಮೇಲೆ ತುಂಬಿಸಬೇಕಲ್ಲ!

ತುಂಬಿಸಿದ್ದರ ಫಲ ನಮ್ಮ ಉತ್ತರ ಕರ್ನಾಟಕ ಕಂಡಿದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದೇ 119 ಚದರ ಕಿ.ಮೀ. ಅಭಯಾರಣ್ಯ ಘೋಷಣೆಯಾಯಿತು. ತೆರೆದ ಹುಲ್ಲುಬಯಲಿನಲ್ಲಿ ಓಡಿ ಬದುಕುವ ಪ್ರಾಣಿ ಅದು. ಅದರ ಮನೆಯ ಬಹುಭಾಗ ನೀಲಗಿರಿ ನೆಡುತೋಪು. ಅಲ್ಲಿ ಕಾಣುತ್ತಿದ್ದ ಎರಿಭೂತ ಹಕ್ಕಿ ಇಂದು ಇಲ್ಲ. 1980ರ ದಶಕದಲ್ಲಿ ಸರ್ಕಾರವೂ ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿ 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಅದೂ ‘ಸಿ ಮತ್ತು ಡಿ’ ದರ್ಜೆಯ ಭೂಮಿ, ಅಂದರೆ ಯಾವ ಕೆಲಸಕ್ಕೂ ಬಾರದ್ದು ಎಂಬ ನೆಪದಲ್ಲೇ. ಹಳ್ಳಿಗರು ಬೇರೆ ಮಾತು ಹೇಳಿದರು. ನಮ್ಮ ದನ ಮೇಯುವುದು ಅಲ್ಲಿ, ಉರುವಲು ಅಲ್ಲಿ, ಹಣ್ಣು ಅಲ್ಲಿ ಎಂದರು. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಜನಕ್ಕೆ ಉಪಯೋಗವಾಗುವ ಸಸಿ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊರೆ ಹೋದವರಲ್ಲಿ ಒಬ್ಬರು. ಕೊನೆಗೆ ಆ ಕಂಪನಿಯೇ ಮುಚ್ಚಿತು.

ಈ ಹೋರಾಟ ಗೆದ್ದದ್ದು ಏಕೆ ಎಂದು ಯೋಚಿಸಿ. ಆ ಭೂಮಿಯ ಮೇಲೆ ದಿನಾ ಓಡಾಡುವ ಜನ ಇದ್ದರು. ಅಲ್ಲಿನ ಕಾಲುದಾರಿ ಅವರಿಗೆ ಗೊತ್ತಿತ್ತು. ಇವತ್ತು ಕಟ್ಟಿಗೆ ತರುವ ಕೆಲಸವನ್ನು ಗ್ಯಾಸ್ ತಪ್ಪಿಸಿದೆ, ದನಗಳು ಕಡಿಮೆಯಾಗಿವೆ, ಗುಡ್ಡಕ್ಕೆ ಹೋಗುವವರು ಕುರಿಗಾರರಷ್ಟೇ. ಕೆಲಸದ ನಂಟು ಕಡಿದುಹೋಗುವ ಈ ಹೊತ್ತಿನಲ್ಲಿ ಪ್ರೀತಿಯ ನಂಟನ್ನಾದರೂ ಬೆಳೆಸದಿದ್ದರೆ, ಮುಂದೆ ಕಲ್ಲುಗಣಿಗೋ ಇನ್ನಾವುದಕ್ಕೋ ಗುಡ್ಡ ಬರೆದುಕೊಡುವಾಗ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವವರು ಯಾರು? ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವುದು ಮನರಂಜನೆಯ ಮಾತು ಎಂದು ತಳ್ಳಿಹಾಕುವವರಿಗೆ ಇದೇ ಉತ್ತರ.

ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿಯೂ ಮರಳುಮಣ್ಣಿನ, ಕುರುಚಲಿನ ಬಯಲುಗಳಿವೆ. ಶತಮಾನಗಳ ಕಾಲ ಅವನ್ನೂ ಪಾಳು ಎಂದೇ ಕರೆದು ಉತ್ತರು, ಪೈನ್ ನೆಟ್ಟರು, ಬಹುಪಾಲು ಕಳೆದುಕೊಂಡರು. ಉಳಿದ ಬಯಲಿನ ಮೇಲೆ ನಡೆಯುವ ಹಕ್ಕಿಗಾಗಿ ಅಲ್ಲಿನ ಸಾಮಾನ್ಯ ಜನ ಹೋರಾಡಬೇಕಾಯಿತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ದುಡಿಮೆಗಾರ ಯುವಕರು ಕಿಂಡರ್ ಸ್ಕೌಟ್ ಗುಡ್ಡವನ್ನು ಅಪ್ಪಣೆಯಿಲ್ಲದೆ ಏರಿದರು, ಅವರಲ್ಲಿ ಕೆಲವರು ಜೈಲಿಗೂ ಹೋದರು. ಬೆಟ್ಟ, ಬೀಡು, ಕುರುಚಲು ಬಯಲಿನಲ್ಲಿ ಜನ ಕಾಲ್ನಡಿಗೆಯಲ್ಲಿ ಓಡಾಡಬಹುದು ಎಂಬ ಕಾನೂನು ಬಂದದ್ದು 2000ದಲ್ಲಿ. ಇಂದು ಅಲ್ಲಿ ಪುಟ್ಟ ಮಕ್ಕಳ ಕೈಹಿಡಿದು ಮನೆಮಂದಿಯೆಲ್ಲ ನಡೆಯುವುದು ಅದೇ ‘ಪಾಳು’ ಬಯಲಿನಲ್ಲಿ. ನಾವು ಜೈಲಿಗೆ ಹೋಗಬೇಕಾಗಿಲ್ಲ. ಬಾಗಿಲು ತೆರೆದು ಹೊರಗೆ ನಡೆದರೆ ಸಾಕು, ಅಷ್ಟನ್ನೂ ಮಾಡುತ್ತಿಲ್ಲ.

ಬಿಸಿಲಿನ ಆಕ್ಷೇಪವನ್ನು ನಾನು ಹಗುರಾಗಿ ಕಾಣುವುದಿಲ್ಲ. ಏಪ್ರಿಲ್, ಮೇ ಮಧ್ಯಾಹ್ನದಲ್ಲಿ ಮಕ್ಕಳನ್ನು ಕಲ್ಲುಗುಡ್ಡಕ್ಕೆ ಕರೆದೊಯ್ಯುವುದು ಹುಚ್ಚುತನ. ಸೀಗಿ ಹುಣ್ಣಿಮೆಯಿಂದ ಶಿವರಾತ್ರಿಯವರೆಗೆ ಈ ಸೀಮೆಯಲ್ಲಿ ನಡೆಯುವಷ್ಟು ಹಿತ ಬೇರೆಲ್ಲೂ ಇಲ್ಲ. ಬೆಳಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಮನೆ ಸೇರಬಹುದು. ಕಲ್ಲುಸಂದಿಯಲ್ಲಿ ಗರಗಸಮಂಡಲ ಹಾವು ಇರುತ್ತದೆ ನಿಜ. ಬೂಟು ಹಾಕಿಸಿ, ಸಂದಿಗೆ ಕೈ ಹಾಕಬಾರದು ಎಂದು ಕಲಿಸಿ, ದಾರಿ ಬಿಟ್ಟು ನುಗ್ಗಬೇಡಿ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಕೂಗಾಟ ಬೇಡ. ಮಳೆಗಾಲದಲ್ಲಿ ಹೊಳೆಪಾತ್ರಕ್ಕೆ ಇಳಿಯಲೇಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಎಚ್ಚರ ಸಾಕು. ಜಿಗಣೆ, ಜಾರುವ ಹಾದಿ, ಕಾಣದ ಪ್ರಪಾತ, ಮಂಜಿನಲ್ಲಿ ದಾರಿ ತಪ್ಪುವ ಭಯ ಇರುವ ಘಟ್ಟಕ್ಕೆ ಮಕ್ಕಳನ್ನು ಒಯ್ಯಲು ಹಿಂಜರಿಯದವರು, ಎದುರಿನ ದಾರಿಯೆಲ್ಲ ಕಣ್ಣಿಗೆ ಕಾಣುವ ತೆರೆದ ಗುಡ್ಡವನ್ನು ಅಪಾಯ ಎನ್ನುವುದು ನ್ಯಾಯವಲ್ಲ. ಐದಾರು ವರ್ಷದ ಮಗುವಿಗೂ ಅರವತ್ತು ದಾಟಿದ ಅಜ್ಜಿಗೂ ಒಟ್ಟಿಗೆ ನಡೆಯಲು ಆಗುವುದು ಇಂಥ ಕಡೆಯೇ.

ಘಟ್ಟದ ಸ್ಥಿತಿಯಾದರೂ ಏನಾಗಿದೆ? 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸೇರಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ತರಬೇಕಾಯಿತು. ನಿಸರ್ಗ ಎಂದರೆ ಘಟ್ಟ ಒಂದೇ ಎಂದು ಇಡೀ ರಾಜ್ಯಕ್ಕೆ ಕಲಿಸಿದ್ದರ ಫಲ ಇದು. ಬಯಲುಸೀಮೆಯನ್ನು ಹೀಗಳೆಯುವ ಮಾತು ಮಲೆನಾಡನ್ನೂ ಹಾಳು ಮಾಡುತ್ತಿದೆ. ಮಲೆನಾಡನ್ನು ನಿಜವಾಗಿ ಪ್ರೀತಿಸುವವರು ತಮ್ಮ ಊರಿನ ಗುಡ್ಡ ಹತ್ತಲಿ. ಮಲೆನಾಡಿಗೆ ಸ್ವಲ್ಪ ಉಸಿರಾಡಲು ಬಿಡಲಿ.

‘ಮನೆಮಂದಿ ಗುಡ್ಡ ಹತ್ತುವುದು ನಮ್ಮ ಪದ್ಧತಿಯಲ್ಲ, ಅದು ಪೇಟೆಯವರ ಶೋಕಿ’ ಎನ್ನುವವರೂ ಇದ್ದಾರೆ. ಇದಕ್ಕಿಂತ ದೊಡ್ಡ ಮರೆವು ಇನ್ನೊಂದಿಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಉಧೋ ಉಧೋ ಎನ್ನುತ್ತ ನಡೆದು ಬರುವವರು ಯಾರು? ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಂದಿರು, ಕೋಲೂರಿದ ಮುದುಕರು, ಬುತ್ತಿಗಂಟು ಹೊತ್ತ ಹುಡುಗರು. ಸೀಗಿ ಹುಣ್ಣಿಮೆಗೂ ಎಳ್ಳ ಅಮವಾಸ್ಯೆಗೂ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಮನೆಗೆ ಬೀಗ ಬೀಳುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮಾದಲಿ, ಮೊಸರು ಎಲ್ಲವೂ ಬಯಲಿನ ಪಾಲು. ಸುರೇಬಾನದ ಶಬರಿಕೊಳ್ಳಕ್ಕೆ, ಗೊಡಚಿ ವೀರಭದ್ರನಿಗೆ, ಸೊಗಲದ ಸೋಮೇಶ್ವರನಿಗೆ ಹೋಗುವ ದಾರಿಗಳೆಲ್ಲ ಹಿಂದೆ ಕಾಲುದಾರಿಗಳೇ. ಕುಟುಂಬದೊಡನೆ ನಡೆಯುವುದನ್ನು ಈ ಸೀಮೆಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ನಡೆದದ್ದು ಕಾಲು, ಕರೆದದ್ದು ದೇವರು. ಈಗ ಗಾಡಿ ಬಾಗಿಲಿಗೇ ಹೋಗುವುದರಿಂದ ನಡುವಿನ ನೆಲ ನಮ್ಮ ಬದುಕಿನಿಂದ ಜಾರಿಹೋಗಿದೆ. ಅದನ್ನು ಮತ್ತೆ ಹಿಡಿಯಬೇಕಾಗಿದೆ.

ಕೊನೆಯದಾಗಿ ಸೌಲಭ್ಯದ ಮಾತು: ಹೋಟೆಲು, ರೋಪ್‌ವೇ, ಉದ್ಯಾನ ಆದಮೇಲೆ ಜನ ತಾವೇ ಬರುತ್ತಾರಂತೆ. 2024ರಲ್ಲಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ ಸುಮಾರು 100 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಲಕ್ಷಗಟ್ಟಲೆ ಭಕ್ತರು ಸೇರುವ ಜಾಗಕ್ಕೆ ನೀರು, ಶೌಚಾಲಯ, ತಂಗುವ ವ್ಯವಸ್ಥೆ ಬೇಕೇಬೇಕು. ಆದರೆ ಸವದತ್ತಿಯಿಂದ ಗುಡ್ಡಕ್ಕೆ, ಪರಸಗಡ ಕೋಟೆಗೆ, ಶಬರಿಕೊಳ್ಳದ ಸುತ್ತ, ತೊರಗಲ್ಲ ಕೋಟೆಯಿಂದ ಭೂತನಾಥನ ಗುಡಿಗಳ ಮೂಲಕ ಹೊಳೆದಂಡೆಗೆ ಇರುವ ಹಳೆಯ ದಾರಿಗಳನ್ನು ಗುರುತಿಸಿ ಒಂದೊಂದು ಕಲ್ಲುಕಂಬ ನೆಡಲು ಕೋಟಿಗಳು ಬೇಡ. ಬಾದಾಮಿ ಇದಕ್ಕೆ ಸಾಕ್ಷಿ. ಅಲ್ಲಿಂದ ಗುಡ್ಡ ದಾಟಿ ಮಹಾಕೂಟಕ್ಕೆ ಹೋಗುವ ಐದಾರು ಕಿ.ಮೀ. ಕಾಲುದಾರಿಯನ್ನು, ಕುರುಚಲಿನ ನಡುವೆ ಸಿಡ್ಲಫಡಿಯ ಕಲ್ಲಾಸರೆಗೆ ಒಯ್ಯುವ ದಾರಿಯನ್ನು ಹುಡುಕಿಕೊಂಡು ದೂರದೂರದ ದೇಶಗಳಿಂದ ಜನ ಬರುತ್ತಾರೆ. ಆದಿಮಾನವರು ಬಂಡೆಯ ಮೇಲೆ ಬರೆದ ಚಿತ್ರಗಳನ್ನು ಅವರ ಮಕ್ಕಳು ನೋಡುತ್ತಾರೆ. ಗಾಡಿಯಲ್ಲಿ ತಾಸು, ಒಂದೂವರೆ ತಾಸಿನ ದೂರದಲ್ಲಿರುವ ನಮ್ಮ ಮಕ್ಕಳು ಮೇಣಬಸದಿಯ ಮುಂದೆ ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತಾರೆ.

ಆದ್ದರಿಂದ ಕೇಳುವುದು ಇಷ್ಟು. ಪ್ರತಿ ಗ್ರಾಮ ಪಂಚಾಯತಿ ತನ್ನ ಗಡಿಯೊಳಗಿನ ಒಂದು ಹಳೆಯ ಕಾಲುದಾರಿಯನ್ನು ಒತ್ತುವರಿಯಿಂದ ಬಿಡಿಸಿ ನಕಾಶೆಯಲ್ಲಿ ದಾಖಲಿಸಲಿ. ಪ್ರತಿ ಶಾಲೆ ವಾರ್ಷಿಕ ಪ್ರವಾಸಕ್ಕೆ ಮೊದಲು ಊರ ಗುಡ್ಡಕ್ಕೆ ಒಂದು ಮುಂಜಾನೆ ಕೊಡಲಿ. ದಾರಿ ತೋರಿಸಲು ಆ ಊರಿನ ಕುರಿಗಾರನನ್ನೇ ಕರೆದು ಗೌರವಧನ ಕೊಡಲಿ, ಅವನಿಗಿಂತ ಹೆಚ್ಚು ಬಲ್ಲ ಮೇಷ್ಟ್ರು ಆ ವಿಷಯಕ್ಕೆ ಸಿಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಕ್ಕಾಗಿ, ಗಂಗಾವತಿ ಬಳಿಯ ಬಂಕಾಪುರದಲ್ಲಿ ತೋಳಕ್ಕಾಗಿ ಕುರುಚಲು ಭೂಮಿಯನ್ನೇ ಅಭಯಾರಣ್ಯ ಮಾಡಿದ ಸರ್ಕಾರ, ಬಂಜರಿನ ಪಟ್ಟಿಯಿಂದ ಮಲಪ್ರಭೆಯ ಗುಡ್ಡಗಳನ್ನು ತೆಗೆದುಹಾಕುವ ಧೈರ್ಯವನ್ನೂ ತೋರಲಿ. ಮನೆಯವರಿಗೆ ಹೇಳುವುದು ಇನ್ನೂ ಸುಲಭ: ಮುಂದಿನ ರಜೆಯಲ್ಲಿ ಘಟ್ಟಕ್ಕೆ ಗಾಡಿ ಗೊತ್ತು ಮಾಡುವ ಮೊದಲು, ಮಕ್ಕಳಿಗೆ ಬೂಟು ಹಾಕಿಸಿ, ಬುತ್ತಿ ಕಟ್ಟಿಕೊಂಡು ನಿಮ್ಮೂರ ಗುಡ್ಡ ಹತ್ತಿ. ‘ನಮ್ಮ ಕಡೆ ಏನೈತಿ’ ಎಂದು ನಮ್ಮ ಮಕ್ಕಳಿಗೆ ಕಲಿಸಿದವರು ನಾವೇ. ಆ ಪಾಠವನ್ನು ಅಳಿಸುವ ಹೊಣೆಯೂ ನಮ್ಮದೇ.